ಭಾಷಣಕ್ಕೆ ನಾನು ಸೇರಿಸಿದ ಹೆಸರು

ಇವತ್ತು ಬೆಳಿಗ್ಗೆ ದೇರೆಬೈಲಿನ ನಮ್ಮ ಮನೆಯೆದುರಿನ ಕಂಬಕ್ಕೆ ಧ್ವನಿವರ್ಧಕ ಕಟ್ಟುತ್ತಿದ್ದರು. ಚುನಾವಣೆ ಬಂತಲ್ಲ! ಮೇಲೇರಿದವನು ‘ಹಲೋ, ಹಲೋ’ ಎಂದದ್ದೇ ತಡ, ನನ್ನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ವಯಸ್ಸಾಯಿತು ಎಂದಳು ಹೆಂಡತಿ. ವಯಸ್ಸಿನ ಮೇಲೆ ಏನೇನೆಲ್ಲ ಹೊರಿಸಬಹುದು ನೋಡಿ.

ನಾನು ಮೂವತ್ತು ವರ್ಷ ಹಿಂದಿ ಕಲಿಸಿದವನು. ಅರ್ಚಕರ ಮಗ, ಅಪ್ಪನಿಗೆ ಮಂತ್ರ ಒಲಿದಂತೆ ನನಗೆ ಮೈಕು ಒಲಿದಿತ್ತು. ಕೆಲವು ವರ್ಷಗಳ ಹಿಂದೆ ಉತ್ತರದ ನಾಯಕರೊಬ್ಬರು ಭಾಷಣಕ್ಕೆ ಬಂದಾಗ ಅನುವಾದಕ್ಕೆ ನನ್ನನ್ನೇ ಕರೆದರು. ಹೊಸ ಶಾಲು ಹೊದ್ದು ಹೋದೆ. ಅವರು ಒಂದು ವಾಕ್ಯ ಹೇಳಿ ನಿಲ್ಲಿಸುವುದು, ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಜನ ಆಕಳಿಸುತ್ತಿದ್ದರು. ಸಂಘಟಕರೊಬ್ಬರು ನನ್ನ ಕಿವಿಯಲ್ಲಿ, “ಸಪ್ಪೆ ಆಯ್ತು ಮಾಷ್ಟ್ರೇ, ಸ್ವಲ್ಪ ಖಾರ ಹಾಕಿ” ಎಂದರು.

ಆಗ ನಾಯಕರು ಗುಡುಗಿದರು: ಸಾಮಾನು ಯಾರ ಅಂಗಡಿಯಿಂದ ತರುತ್ತೀರಿ, ಯೋಚಿಸಿ! ಮಕ್ಕಳಿಗೆ ಪಾಠ ತಲೆಗೆ ಹೋಗದಿದ್ದರೆ ಊರಿನದೇ ಉದಾಹರಣೆ ಕೊಡುವುದು ಮೇಷ್ಟ್ರುಗಳ ಚಟ. ನಾನು, “ನಾಳೆ ಚೀಲ ಹಿಡಿದು ಬಂದರಿಗೆ ಹೋಗುವ ಮೊದಲು ಯೋಚಿಸಿ!” ಎಂದೆ. ಬಂದರ್ ಎಂಬ ಪೇಟೆಯೊಂದು ನಮ್ಮಲ್ಲಿದೆ, ಅಲ್ಲಿನ ಹೆಚ್ಚಿನ ಅಂಗಡಿಗಳು ಬ್ಯಾರಿ ಮುಸ್ಲಿಮರವು ಎಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ನಿಮ್ಮಲ್ಲಿ ಮುಚ್ಚಿಡುವುದೇಕೆ, ಅದು ನನಗೆ ಬಹಳ ಹಿತವಾಯಿತು.

ಎರಡು ದಿನ ಬಿಟ್ಟು ಬಂದರಿನ ಅಂಗಡಿಗಳಿಗೆ ಕಲ್ಲು ಬಿತ್ತು. ಒಂದು ಕಲ್ಲು ಅಬ್ಬಾಸ್ ಬ್ಯಾರಿಗಳ ಹಣೆಗೆ ತಗುಲಿತು. ಅಪ್ಪನ ಕಾಲದಿಂದ ದೇವಸ್ಥಾನದ ಪಂಚಕಜ್ಜಾಯಕ್ಕೆ ಬೆಲ್ಲ ಬರುತ್ತಿದ್ದದ್ದು ಅವರ ಮನೆತನದ ಅಂಗಡಿಯಿಂದ. ಹೊಸ ಮೂಟೆ ಬಿಚ್ಚಿದರೆ ಮೊದಲ ಅಚ್ಚನ್ನು ನಮಗೇ ಎತ್ತಿಡುತ್ತಿದ್ದರು. ಫಳ್ನೀರಿನ ಆಸ್ಪತ್ರೆಗೆ ನೋಡಲು ಹೋದೆ.

“ನಿಮ್ಮ ಮೈಕ್ ನಮ್ಮ ಅಂಗಡಿವರೆಗೆ ಕೇಳ್ತಿತ್ತು ಮಾಷ್ಟ್ರೇ. ಬಂದರ್ ಅಂತ ಅವರೇ ಹೇಳಿದ್ದಾ?”

“ಹೌದು. ಅವರು ಹೇಳಿದ್ದನ್ನು ನಾನು ಹೇಳಿದೆ, ಅಷ್ಟೇ.”

ಅವರು ಕಣ್ಣು ಮುಚ್ಚಿಕೊಂಡರು. ಮುಂದೆ ಅವರ ಮುಖ ನೋಡಲು ನಾಚಿಕೆಯಾಗಿ, ಬೆಲ್ಲವನ್ನು ಬೇರೆ ಕಡೆಯಿಂದ ತರಿಸತೊಡಗಿದೆ.

ನಾಯಕರ ಮಾತಿನಿಂದ ಊರು ಒಡೆಯುತ್ತದೆಯೇ ಎಂದು ಗೆಳೆಯರು ವಾದಕ್ಕೆ ಕೂತರೆ ಹೌದೆನ್ನುವವರಲ್ಲಿ ನಾನೇ ಮೊದಲಿಗ. ಒಡೆಯುತ್ತದೆ, ಅನುಮಾನ ಬೇಡ. ಆದರೆ ಆ ನಾಯಕರು ಅದೇ ಸಂಜೆ ವಿಮಾನ ಹತ್ತಿದರು. ಅವರ ಮಾತಿಗೆ ನಮ್ಮ ಬೀದಿಯ ವಿಳಾಸ ಬರೆದುಕೊಡಲು ಊರಿನವನೇ ಒಬ್ಬ ಬೇಕಾಯಿತು. ಇಷ್ಟನ್ನು ಗೆಳೆಯರಿಗೆ ಹೇಳಿರಲಿಲ್ಲ.

ಇವತ್ತು ಅಂಗಿ ಬದಲಿಸುವಷ್ಟರಲ್ಲಿ ಅದೇ ಸಂಘಟಕರು ಬಾಗಿಲಲ್ಲಿದ್ದರು. “ಈ ಸಲವೂ ನೀವೇ ಮಾಷ್ಟ್ರೇ!” ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಅದನ್ನು ಮೊದಲು ಹೇಳಬೇಕಾದದ್ದು ಅವರಿಗಲ್ಲ. ಬಸ್ಸು ಹತ್ತಿ ಬಂದರಿಗೆ ಹೋದೆ.

ಅಬ್ಬಾಸ್ ಬ್ಯಾರಿಗಳು ಅಂಗಡಿಯಲ್ಲೇ ಇದ್ದರು. ಹಣೆಯಲ್ಲಿ ಗಾಯದ ಗೆರೆ. ನಮಸ್ಕಾರವನ್ನೂ ಮರೆತು, “ಬಂದರ್ ಅಂತ ಹೇಳಿದ್ದು ಅವರಲ್ಲ, ನಾನು” ಎಂದೆ.

“ಗೊತ್ತುಂಟು. ಹದಿನೈದು ವರ್ಷ ಗಲ್ಫಲ್ಲಿ ಇದ್ದವನಿಗೆ ಹಿಂದಿ ಅರ್ಥ ಆಗುವುದಿಲ್ವಾ ಮಾರಾಯ್ರೇ?”

“ಮತ್ತೆ ಆವತ್ತು ಆಸ್ಪತ್ರೆಯಲ್ಲಿ ಕೇಳಿದ್ದು ಎಂತಕ್ಕೆ?”

“ನೀವು ಎಂತ ಹೇಳ್ತೀರಿ ನೋಡುವಾ ಅಂತ.”