ಈಳಿಗೆ ಮೊದಲು, ಮಿಕ್ಸಿ ಆಮೇಲೆ

ಹಬ್ಬುವಾಡದ ನಮ್ಮ ಅಡಿಗೆಕೋಣೆಯಲ್ಲಿ ಈಳಿಗೆ ಒಂದು, ಮಿಕ್ಸಿ ಒಂದು, ಕಾಯಿ ಅರೆಯುವವರು ಮಾತ್ರ ಇಬ್ಬರು: ಅಮ್ಮ, ಅಂದರೆ ನಮ್ಮ ಆಯಿ, ಮತ್ತು ಚಿಕ್ಕಪ್ಪನ ಹೆಂಡತಿ ಚಿಕ್ಕಿ. ಬಂಗಡೆ ಮೀನಿನ ಸಾರಿಗೆಂದು ಕೂತ ಆಯಿ ಈಳಿಗೆಯನ್ನು ಮೊಣಕಾಲಡಿ ಒತ್ತಿಕೊಂಡು ಮಿಕ್ಸಿಗೆ ಕಾಯುತ್ತಾಳೆ. ಚಟ್ನಿಗೆ ಮೆಣಸು ಹಾಕಿದ ಚಿಕ್ಕಿ ಮಿಕ್ಸಿಯ ಜಾರು ಹಿಡಿದು ಈಳಿಗೆಗೆ ಕಾಯುತ್ತಾಳೆ. ಕೇಳುವುದು ಸಣ್ಣತನವೆಂದು ಇಬ್ಬರೂ ಬಾಯಿ ಬಿಡುವುದಿಲ್ಲ.

ಗೆಳೆಯರೇ, ನನ್ನ ಉದ್ಯೋಗವೂ ಇದೇ. ಪಕ್ಕದ ಕೋಣೆಯಲ್ಲಿ ಕೂತು ನಾನು ಕರ್ನೆಲ್ಲಿನ, ಅಂದರೆ ಕಂಪ್ಯೂಟರನ್ನು ಎಲ್ಲ ಕೆಲಸಗಳಿಗೂ ಹಂಚಿಕೊಡುವ ಮೂಲ ತಂತ್ರಾಂಶದ, ಬೀಗಗಳನ್ನು ನೋಡಿಕೊಳ್ಳುತ್ತೇನೆ. ಒಂದೇ ಮಾಹಿತಿಗೆ ಇಬ್ಬರು ಒಟ್ಟಿಗೆ ಕೈಹಾಕದಿರಲೆಂದು ಬೀಗ. ಎರಡು ಬೀಗ ಬೇಕಾದವರು ಯಾವುದನ್ನು ಮೊದಲು ಹಿಡಿಯಬೇಕೆಂದು ಬೀಗದ ಜೊತೆಗೇ ಬರೆದಿಟ್ಟ ಒಂದು ವಿವರಣೆ. ಕ್ರಮ ತಪ್ಪಿದರೆ ಯಂತ್ರ ಕೂಗಾಡುವುದಿಲ್ಲ, ಬಹಳ ಸೌಜನ್ಯದಿಂದ ನಿಂತುಬಿಡುತ್ತದೆ.

ಹಾಗಾಗಿ ‘ಈಳಿಗೆ ಮೊದಲು, ಮಿಕ್ಸಿ ಆಮೇಲೆ’ ಎಂದು ದಿನಾಂಕ ಸಹಿತ ಬರೆದು ಫ್ರಿಜ್ಜಿಗೆ ಅಂಟಿಸಿದೆ.

“ಇದನ್ನ ಓದೂಕೆ ಚಷ್ಮಾ ಬೇಕು. ಚಷ್ಮಾ ಎಲ್ಲದೆ ಅಂತ ಮತ್ತೊಂದು ಚೀಟಿ ಹಚ್ಚು ತಮಾ,” ಎಂದಳು ಆಯಿ.

ಚಿಕ್ಕಿ ನಗಲಿಲ್ಲ. “ಚೀಟಿ ಹಚ್ಚೂ ಕಾಲ ಬಂತಲ್ಲ ಅಕ್ಕಾ. ನಾ ಮಾಳಿಗೆ ಮೇಲೆ ಬೇರೆ ಒಲೆ ಹೂಡ್ತೆ.”

ಮನೆ ಎರಡಾಗುವ ಮಾತು ನಮ್ಮಲ್ಲಿ ಬಂದದ್ದು ಅದೇ ಮೊದಲು. ಚಿಕ್ಕಿ ಪೇಟೆಯಿಂದ ತನ್ನದೇ ಈಳಿಗೆ, ತನ್ನದೇ ಮಿಕ್ಸಿ ತಂದಳು. ನನ್ನ ಕಸುಬಿನಲ್ಲೂ ಇದು ಮೆಚ್ಚುಗೆ ಪಡೆದ ಉಪಾಯ: ಪ್ರತಿಯೊಬ್ಬರಿಗೂ ಮಾಹಿತಿಯ ಅವರದೇ ಪ್ರತಿ ಕೊಟ್ಟರೆ ಬೀಗವೇ ಬೇಡ, ಕಾಯುವುದೂ ಇಲ್ಲ. ಅದೇ ವಾರ ಕರ್ನೆಲ್ಲಿನ ಒಂದು ಬೀಗವನ್ನು ಹೀಗೇ ತೆಗೆಯೋಣವೆಂದು ನಮ್ಮ ತಂಡಕ್ಕೆ ಬರೆದೆ. ಇಂಥ ಬದಲಾವಣೆಗಳನ್ನು ಪರಿಶೀಲಿಸುವ ಹಿರಿಯರು ಒಂದೇ ಸಾಲು ಉತ್ತರಿಸಿದರು: ಅದು ಏನನ್ನು ಕಾಯುತ್ತಿತ್ತೆಂದು ಮೊದಲು ತಿಳಿಸಿ. ನನಗೆ ತಿಳಿದಿರಲಿಲ್ಲ.

ರವಿವಾರ ಬಂತು. ಮೇಲೆ, ಕೆಳಗೆ ಎರಡೂ ಒಲೆಗಳು ಯಾರಿಗೂ ಕಾಯದೆ ಅತ್ಯಂತ ವೇಗವಾಗಿ ಉರಿದವು. ಹಳೆಯ ರೂಢಿಯಂತೆ ಆಯಿ ಇಡೀ ಮನೆಗೆ ಬಂಗಡೆ ಸಾರು ಮಾಡಿದಳು. ಹಳೆಯ ರೂಢಿಯಂತೆಯೇ ಚಿಕ್ಕಿಯೂ ಇಡೀ ಮನೆಗೆ ಮಾಡಿದಳು. ಕೊಡಲೆಂದು ಒಬ್ಬಳು ಪಾತ್ರೆ ಹೊತ್ತು ಹತ್ತಿದಳು, ಇನ್ನೊಬ್ಬಳು ಇಳಿದಳು. ಇಕ್ಕಟ್ಟಿನ ಮೆಟ್ಟಿಲ ನಡುವೆ ಇಬ್ಬರೂ ನಿಂತರು.

“ನೀ ಮೊದ್ಲು ಬಾ ಅಕ್ಕಾ.”

“ನೀ ಇಳಿ, ನಾ ನಿಂತೆ.”

ಕೆಳಗಿದ್ದ ನಾನು ಯಾವ ಕ್ರಮವನ್ನೂ ಸೂಚಿಸಲಿಲ್ಲ. ಕೊನೆಗೆ ಇಬ್ಬರೂ ಅಲ್ಲೇ ಪಾತ್ರೆ ಇಳಿಸಿ, ಮೆಟ್ಟಿಲ ಮೇಲೇ ಕೂತು ನಗತೊಡಗಿದರು.

“ಇಷ್ಟು ಸಾರು ಯಾರು ಉಣ್ಣೂದು ಮಾರಾಯ್ತಿ?” ಎಂದಳು ಆಯಿ. “ನಿನ್ನ ಮಿಕ್ಸಿ ಹೊಸ್ದು. ನಾಳೆ ಅದನ್ನ ಕೆಳಗೆ ತಾ.”

ಊಟ ಮುಗಿಸಿ ಆ ಬೀಗ ಕಾಯುತ್ತಿದ್ದುದನ್ನು ತೆರೆದು ನೋಡಿದೆ, ಇಬ್ಬರೂ ಕೂಡಿಸುತ್ತ ಹೋಗುವ ಒಂದೇ ಲೆಕ್ಕ ಅದು. ನಾನು ಕರ್ನೆಲ್ಲಿನ ಬೀಗವನ್ನು ಇದ್ದಲ್ಲೇ ಬಿಟ್ಟು, ಅದರ ಮೇಲೆ ವಿವರಣೆ ಬರೆದೆ: ಒಟ್ಟು ಎಷ್ಟೆಂಬುದು ಇಬ್ಬರಿಗೂ ತಿಳಿದಿರಲೆಂದು ಇದು.