ಎಡಗೈಗೆ ಹೊಲಿದ ಚೀಲ

—ಅದುರಿದ್ದು ಬಲಗೈಯೇ ಇರಬೇಕು. ಅಥವಾ ಈಗ ಎಲ್ಲ ತಿಳಿದಿರುವುದರಿಂದ ಬಲಗೈ ಎನ್ನುತ್ತಿದ್ದೇನೋ. ಸಹನಾ, ನೀನು ಹುಟ್ಟಿದ ಮೂರನೆಯ ದಿನ, ಆಸ್ಪತ್ರೆಯಲ್ಲಿ, ನಿನ್ನ ಕೈ ಅದುರಿದ್ದನ್ನು ನಾನು ನೋಡಿದ್ದೆ. ಯಾರಿಗೂ ಹೇಳಲಿಲ್ಲ. ನಿನ್ನ ಅಮ್ಮನಿಗೆ, ಅಂದರೆ ನನ್ನ ತಂಗಿಗೆ, ಇಂದಿಗೂ ಹೇಳಿಲ್ಲ.

ಚಳಿಯ ನಡುಕವಲ್ಲ. ಒಂದೇ ಕೈ, ಒಂದೇ ಲಯ, ನನ್ನ ಹೊಲಿಗೆ ಯಂತ್ರದ ಸೂಜಿಯ ಹಾಗೆ. ಹಿಡಿದುಕೊಂಡರೂ ನಿಲ್ಲಲಿಲ್ಲ. ತಂಗಿ ಆಗಷ್ಟೇ ನಿದ್ದೆ ಹೋಗಿದ್ದಳು. ಅಂದೇ ಮನೆಗೆ ಕಳಿಸುವವರಿದ್ದರು. ಹೇಳಿದರೆ ತಡೆಯುತ್ತಾರೆಂದು ಸುಮ್ಮನಾದೆನೇ? ಇಲ್ಲವೇ ಈ ಕಾರಣವನ್ನೂ ಆಮೇಲೆ ಹೊಲಿದುಕೊಂಡೆನೋ—

ಹಿನಕಲ್ ಊರಿನ ಮನೆಯಲ್ಲಿ ನಿನಗೆ ಮೊದಲ ಅನ್ನ ಉಣಿಸಿದ ದಿನ, ನೀನು ಬಟ್ಟಲಿಗೆ ಎಡಗೈಯನ್ನೇ ಚಾಚಿದೆ. ಬಲಗೈ ಮುಷ್ಟಿ ಬಿಚ್ಚಲಿಲ್ಲ. ನಿನ್ನ ಅಜ್ಜಿ ನಕ್ಕರು. "ಅಯ್ಯೋ, ಎಡಚಿ ಕಣಮ್ಮ ಇವ್ಳು! ನಾಳೆ ಅತ್ತೆ ಮನೇಲಿ ಯಾವ ಕೈಲಿ ಬಡಿಸ್ತಾಳೆ? ಈಗ್ಲೇ ತಿದ್ಬುಡು."

ರವಿಕೆ ಬಟ್ಟೆಯ ತುಂಡಿನಲ್ಲಿ ಚೀಲ ಹೊಲಿದು ನಿನ್ನ ಎಡಗೈಗೆ ಕಟ್ಟಿದವಳು ನಾನೇ. ಆಡುತ್ತಿದ್ದ ಒಂದೇ ಕೈಯನ್ನು ದಿನವಿಡೀ ಕಟ್ಟಿಟ್ಟೆ. ನೀನು ಒಂದು ವಾರ ಅಳುತ್ತಲೇ ಇದ್ದೆ ಎನ್ನುತ್ತಾಳೆ ತಂಗಿ. ನನಗೆ ತಿಂಗಳೆಂದು ನೆನಪು.

ವರ್ಷ ತುಂಬಿದರೂ ಬಲಗೈ ಬಿಚ್ಚದ್ದಕ್ಕೆ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಸ್ಕ್ಯಾನ್ ತೋರಿಸಿದರು. ಹುಟ್ಟುವ ಆಸುಪಾಸಿನಲ್ಲೇ ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿತ್ತು. ಅದಕ್ಕೇ ಬಲಗೈ ಸೋತಿತ್ತು. "ದೊಡ್ಡವರಿಗೆ ಇದೇ ಜಾಗದಲ್ಲಾದ್ರೆ ಮಾತೂ ಹೋಗ್ಬೋದು. ಮಗು ಅಲ್ವಾ, ಎಷ್ಟೋ ಸಲ ಇನ್ನೊಂದು ಭಾಗ ಮಾತು ಕಲ್ತ್ಕೊಳ್ಳುತ್ತೆ. ಹುಟ್ಟಿದ ವಾರದಲ್ಲಿ, ಇದ್ರ ಗುರುತಾಗಿ, ಕೈ ಏನಾದ್ರೂ ಅದುರ್ತಿತ್ತಾ?"

ತಂಗಿ ನನ್ನತ್ತ ತಿರುಗಿದಳು.

"ಇಲ್ಲ ಡಾಕ್ಟ್ರೇ," ಎಂದೆ.

ಆಮೇಲೆ ವ್ಯಾಯಾಮ ಕಲಿಸುವಾಕೆ ಏನು ಹೇಳಿದಳು ಗೊತ್ತೇ? ಬಲಗೈ ಕಲಿಯಲು, ದಿನಕ್ಕೆ ಸ್ವಲ್ಪ ಹೊತ್ತು, ಆಡಿಸುತ್ತಾ, ಎಡಗೈಗೆ ಚೀಲ ಹಾಕಿ ಎಂದು! ಅಜ್ಜಿ ಬೀದಿಗೆಲ್ಲ ಸಾರಿದರು: "ಅವ್ಳ ದೊಡ್ಡಮ್ಮಂಗೆ ಮೊದ್ಲೇ ಗೊತ್ತಿತ್ತು ಕಣ್ರೀ!"

ಗೊತ್ತಿತ್ತು. ಅವರು ಅಂದುಕೊಂಡದ್ದಲ್ಲ. ಆ ಹೊಗಳಿಕೆಯನ್ನೂ ನಾನು ಬೇಡ ಎನ್ನಲಿಲ್ಲ.

ಈಗ ನೀನು ಪಿಯುಸಿ. ಬಾಯಿ ಮುಚ್ಚುವುದಿಲ್ಲ. ಜಡೆ ಹೆಣೆಸಿಕೊಳ್ಳಲು ಮಾತ್ರ ಬೆನ್ನು ತಿರುಗಿಸಿ ನನ್ನ ಮುಂದೆ ಕೂರುತ್ತೀಯ. ಮುಖ ಕಾಣದಿದ್ದಾಗಲೂ ನಾನು ಹೇಳಲಾರದೆ ಹೋದೆ. ಅದಕ್ಕೇ ಬರೆದೆ. ಭಾನುವಾರ ನಿನ್ನ ಅಮ್ಮನಿಗೂ ಹೇಳುತ್ತೇನೆ.

ಅಂದೇ ಬಾಯಿಬಿಟ್ಟಿದ್ದರೆ ನಿನ್ನ ಬಲಗೈ ಇನ್ನೆಷ್ಟು ಬಿಚ್ಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತೇ— ನನಗೆ ಗೊತ್ತಿಲ್ಲ.