ಟೀಚರ ಕಾರಿಗೆ ಕರೆಂಟು ಕೊಟ್ಟದ್ದು

ಬರೆದು ಸಹಿ ಹಾಕಿದ ಮೇಲೆ ಯಾವ ಅಪಾಯವೂ ಹತ್ತಿರ ಸುಳಿಯುವುದಿಲ್ಲ ಎಂದು ನಾನು ಮೂವತ್ತು ವರ್ಷ ನಂಬಿಕೊಂಡಿದ್ದೆ. ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನಿಗೆ ಇದಕ್ಕಿಂತ ಬೇರೆ ನಂಬಿಕೆ ಇರುವುದೂ ಕಷ್ಟ. ಕಚೇರಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ನಮ್ಮ ನಾಲ್ಕು ಮಹಡಿಯ ಫ್ಲ್ಯಾಟು. ನಿವೃತ್ತಿಯಾದ ತಿಂಗಳಲ್ಲೇ ಅಲ್ಲಿಯವರು ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದರು. ಅದು ನನ್ನ ಯೋಗ್ಯತೆಗೆ ಸಂದ ಗೌರವವೆಂದು ನಾನು ತಿಳಿದಿದ್ದೆ. ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

2019ರ ಆರಂಭದಲ್ಲಿ ಎರಡನೇ ಮಹಡಿಯ ಟೀಚರು ಮಂಗಳೂರಿನಿಂದ ಒಂದು ಹಳೆಯ ಎಲೆಕ್ಟ್ರಿಕ್ ಕಾರು ತಂದರು. ಅವರು ಕೊಂಕಣಿ ಮನೆಮಾತಿನವರು, ಬದಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎಡಗಾಲಿಗೆ ಬಲವಿರಲಿಲ್ಲ. ಕ್ಲಚ್ಚು ಒತ್ತಬೇಕಾದದ್ದು ಅದೇ ಕಾಲು. ಈ ಕಾರಿಗೆ ಕ್ಲಚ್ಚೇ ಇಲ್ಲ. ಹಾಗಾಗಿ ನಲವತ್ತೈದನೇ ವಯಸ್ಸಿನಲ್ಲಿ, ಮೊದಲ ಸಲ, ಕಂಡಕ್ಟರನ ಕೈ ಹಿಡಿಯದೆ ಶಾಲೆಗೆ ಹೋಗುವ ಯೋಗ ಅವರಿಗೆ ಬಂದಿತ್ತು. ಅದಕ್ಕೆ ಬೇಕಾದದ್ದು ಇಷ್ಟೇ: ಅವರ ಮೀಟರಿನಿಂದ ಕೆಳಗೆ ಅವರದೇ ಪಾರ್ಕಿಂಗ್ ಜಾಗಕ್ಕೆ ಒಂದು ವಯರು, ಒಂದು ಪ್ಲಗ್ಗು.

ಬಾಯಲ್ಲಿ ಕೇಳಿದರು. ಬರೆದು ಕೊಡಿ ಎಂದೆ. ಬರೆದು ಕೊಟ್ಟರು. ನಾನು ಸಭೆ ಕರೆದೆ.

ನಮ್ಮ ಅಧ್ಯಕ್ಷರು ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು. ಲೋಕದಲ್ಲಿ ಆಗುವ ಅನಾಹುತಗಳೆಲ್ಲ ಮೊದಲು ಅಲ್ಲಿ ಆಗಿ, ಅವರ ಕಣ್ಣಿಗೆ ಬಿದ್ದು, ಆಮೇಲೆ ಇಲ್ಲಿಗೆ ಬರುತ್ತವೆ. "ಮೊಬೈಲಿನ ಬ್ಯಾಟರಿ ಎಷ್ಟು ಸಣ್ಣದುಂಟು? ಅದೇ ಪಟಾಕಿ ಹಾಗೆ ಸಿಡಿತದೆ. ಇದು ಕಾರು ಮಾರಾಯ್ರೆ! ಮೇಲೆ ನಮ್ಮ ಮಕ್ಕಳು ಮಲಗ್ತಾರೆ," ಎಂದರು. ಸಭೆ ಗಂಭೀರವಾಗಿ ತಲೆಯಾಡಿಸಿತು. ತಲೆಯಾಡಿಸಿದವರ ಪ್ರತಿ ಅಡುಗೆಮನೆಯಲ್ಲೂ ಎರಡೆರಡು ಗ್ಯಾಸ್ ಸಿಲಿಂಡರು ಕುಳಿತಿದ್ದವು.

ಟೀಚರು ಮೆಲ್ಲಗೆ ಕೇಳಿದರು, "ಜನರೇಟರಿನ ಡೀಸೆಲ್ ಕ್ಯಾನು ಮೆಟ್ಟಿಲಿನ ಅಡಿಯಲ್ಲೇ ಉಂಟಲ್ಲ? ಅದಕ್ಕೆ ಎಂತ ಮಾಡುವುದು?"

ಇದು ಈ ದಿನದ ವಿಷಯವಲ್ಲ ಎಂದು ನಾನು ಸಭೆಯ ಪುಸ್ತಕದಲ್ಲಿ ಬರೆದೆ. ನಿಜಕ್ಕೂ ಹಾಗೆಯೇ ಬರೆದೆ. ಕೊನೆಗೆ ತೀರ್ಮಾನವಾಯಿತು: ಕಟ್ಟಡಕ್ಕೆ ಬೆಂಕಿ ವಿಮೆ ಉಂಟು, ಆ ವಿಮಾ ಕಂಪನಿಯವರು ಆಕ್ಷೇಪವಿಲ್ಲವೆಂದು ಬರೆದು ಕೊಟ್ಟರೆ ಪ್ಲಗ್ಗು, ಇಲ್ಲವಾದರೆ ಇಲ್ಲ. ಕಂಪನಿಗೆ ಕಾಗದ ಬರೆದವನು ನಾನೇ. ಉತ್ತರ ಬರಲು ಎಷ್ಟು ತಿಂಗಳು ಬೇಕಾಗಬಹುದು ಎಂಬ ಅಂದಾಜು ನನಗಿತ್ತು, ಅದರಿಂದ ಬೇಸರವೇನೂ ಆಗಲಿಲ್ಲ.

ಅಲ್ಲಿಯವರೆಗೆ ಟೀಚರ ಕಾರಿಗೆ ಪುತ್ತಿಗೆಯ ತಮ್ಮನ ಮನೆಯೇ ಗತಿಯಾಯಿತು. ಎರಡು ದಿನಕ್ಕೊಮ್ಮೆ ಸಂಜೆ ಕಾರನ್ನು ಅಲ್ಲಿಗೆ ಒಯ್ದು ಚಾರ್ಜಿಗೆ ಇಟ್ಟು, ಬಸ್ಸಿನಲ್ಲಿ ಮನೆಗೆ ಬರುವುದು. ಬೆಳಗ್ಗೆ ಮತ್ತೆ ಬಸ್ಸಿನಲ್ಲಿ ಹೋಗಿ ಕಾರು ತೆಗೆದುಕೊಂಡು ಶಾಲೆಗೆ ಓಡುವುದು. ಬಸ್ಸು ಹತ್ತುವ ಕಷ್ಟ ತಪ್ಪಲೆಂದು ಕಾರು ಕೊಂಡವರು, ಕಾರಿರುವ ಕಾರಣಕ್ಕೇ ಮತ್ತೆ ಬಸ್ಸು ಹತ್ತತೊಡಗಿದರು. ಹಾಲು ತರಲು ಹೋದಾಗ ಸ್ಟಾಪಿನಲ್ಲಿ ಕಂಬಕ್ಕೆ ಒರಗಿ ನಿಂತ ಅವರನ್ನು ನೋಡುತ್ತಿದ್ದೆ. ಅವರು ನಗುತ್ತಿದ್ದರು. ನಾನು "ಕಾಗದ ಹೋಗಿದೆ ಟೀಚರ್" ಎನ್ನುತ್ತಿದ್ದೆ. ತಿಂಗಳೊಳಗೆ ಪರಿಹಾರವಾಗದಿದ್ದರೆ ಕಾರು ಮಾರುತ್ತೇನೆ ಎಂದು ಅವರು ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ.

ವಿಮಾ ಕಂಪನಿ ನನ್ನ ಮರ್ಯಾದೆ ತೆಗೆಯಿತು. ಮೂರು ವಾರದಲ್ಲೇ ಉತ್ತರ ಬಂತು. ಪ್ಲಗ್ಗಿಗೆ ಪ್ರತ್ಯೇಕ ಲೈನು ಮತ್ತು ಬ್ರೇಕರು ಇರಬೇಕು, ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೆಲಸ ಮಾಡಬೇಕು, ಕಟ್ಟಡದ ಅರ್ಥಿಂಗ್ ಪರೀಕ್ಷಿಸಿದ ವರದಿ ಬೇಕು. ಇಷ್ಟಿದ್ದರೆ ಅವರಿಗೆ ಆಕ್ಷೇಪವಿಲ್ಲ. ಅರ್ಥಿಂಗ್ ಎಂಬ ಮಾತು ನನಗೆ ಹೊಸದಲ್ಲ. ಪ್ರತಿ ವರ್ಷ ಪಾಲಿಸಿ ನವೀಕರಿಸುವ ಫಾರಮಿನಲ್ಲಿ 'ಅರ್ಥಿಂಗ್ ಸುಸ್ಥಿತಿಯಲ್ಲಿದೆಯೇ' ಎಂಬ ಪ್ರಶ್ನೆ ಇರುತ್ತಿತ್ತು. ಪ್ರತಿ ವರ್ಷ ನಾನು 'ಹೌದು' ಎಂಬುದಕ್ಕೆ ಟಿಕ್ ಹಾಕುತ್ತಿದ್ದೆ. ಎದ್ದು ಹೋಗಿ ನೋಡಿದ್ದು ಮಾತ್ರ ಇಲ್ಲ. ಇಲ್ಲವೆಂದು ಟಿಕ್ ಹಾಕಿದರೆ ಮತ್ತೆ ಕಾಗದ ಬರೆಯಬೇಕಲ್ಲ.

ಟೀಚರು ಬದಿಯಡ್ಕದಿಂದ ವಯರ್‌ಮ್ಯಾನನ್ನು ಕರೆಸಿದರು. ಮಾತು ಕಡಿಮೆಯ ಮನುಷ್ಯ. ಒಂದೂವರೆ ದಿನದಲ್ಲಿ ಪೈಪು, ವಯರು, ಬ್ರೇಕರು ಎಲ್ಲ ಅಚ್ಚುಕಟ್ಟಾಗಿ ಕೂರಿಸಿದ. ಶನಿವಾರ ಮಧ್ಯಾಹ್ನ ಟೀಚರು ಕಾರಿನ ಚಾರ್ಜರ್ ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದರು. ಕೆಂಪು ದೀಪ ಹೊತ್ತಿತು. ತೆಗೆದು ಇನ್ನೊಮ್ಮೆ ಹಾಕಿದರು, ಮತ್ತೆ ಕೆಂಪು. ಟೀಚರ ಮುಖ ಬಾಡಿತು.

"ನಾನು ಹೇಳಿದ್ದಲ್ಲವಾ?" ಎಂದರು ಅಧ್ಯಕ್ಷರು. ತಮ್ಮ ಮಗಳ ಮದುವೆಯ ದಿನವೂ ಅಷ್ಟು ಸಂತೋಷ ಅವರ ಮುಖದಲ್ಲಿರಲಿಲ್ಲ. "ಗಾಡಿಯೇ ಡೇಂಜರ್!"

ವಯರ್‌ಮ್ಯಾನ್ ತನ್ನ ಮೀಟರು ತೆಗೆದು ಎರಡು ಮೂರು ಕಡೆ ಹಿಡಿದು ನೋಡಿದ. "ಗಾಡಿಗೆ ಎಂತ ಆಗಲಿಲ್ಲ ಸಾರ್. ಅರ್ಥಿಂಗ್ ಇಲ್ಲ. ಹಾಗೆ ಅದು ಕರೆಂಟು ತಕ್ಕೊಳ್ಳುವುದಿಲ್ಲ."

"ಟೀಚರ ಲೈನಿಗೆ ಇಲ್ಲವಾ?" ಎಂದೆ.

"ಯಾರ ಲೈನಿಗೂ ಇಲ್ಲ. ಇಡೀ ಬಿಲ್ಡಿಂಗಿಗೆ ಇಲ್ಲ."

ಯಂತ್ರದಲ್ಲಿ ಸೋರಿದ ಕರೆಂಟು ನೆಲಕ್ಕೆ ಇಳಿದು ಹೋಗಲು ಒಂದು ದಾರಿ ಬೇಕು, ಅದೇ ಅರ್ಥಿಂಗ್ ಎಂದು ಅವನು ವಿವರಿಸಿದ. ದಾರಿ ಇಲ್ಲದಿದ್ದರೆ ಕರೆಂಟು ಯಂತ್ರದ ಮೈಯಲ್ಲೇ ಕೂತು, ಯಾರಾದರೂ ಮುಟ್ಟುವುದನ್ನು ಕಾಯುತ್ತದೆ. ಫ್ರಿಜ್ಜಿಗೂ ಗ್ರೈಂಡರಿಗೂ ಅದು ಗೊತ್ತಾಗುವುದಿಲ್ಲ, ಸುಮ್ಮನೆ ಓಡುತ್ತವೆ. ಈ ಪೆಟ್ಟಿಗೆ ಮೊದಲು ಪರೀಕ್ಷೆ ಮಾಡಿಯೇ ಕೆಲಸ ಶುರುಮಾಡುವುದು. ಅಂದರೆ ನಮ್ಮ ಕಟ್ಟಡದಲ್ಲಿ ಅರ್ಥಿಂಗ್ ಉಂಟೋ ಇಲ್ಲವೋ ಎಂದು ನಿಜವಾಗಿ ನೋಡಿದ್ದು ಅದೊಂದೇ.

"ಗುಂಡಿ ಎಲ್ಲಿ ಉಂಟು ಸಾರ್? ಸಿಮೆಂಟಿನ ಮುಚ್ಚಳ ಇರ್ತದೆ. ಅಲ್ಲಿಂದ ಗೋಡೆಗೆ ಒಂದು ಕಬ್ಬಿಣದ ಪಟ್ಟಿ ಬರಬೇಕು," ಎಂದು ಅವನು ಅಂಗಳವನ್ನು ನೋಡಿದ. ಅಂಗಳದಲ್ಲಿ ಗುಂಡಿಯೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಗೇಟಿನಿಂದ ಗೇಟಿಗೆ ಕೆಂಪು ಹಳದಿ ಇಂಟರ್‌ಲಾಕ್ ಕಲ್ಲು ಹಾಸಿತ್ತು. ನನ್ನ ಕಾಲದ ದೊಡ್ಡ ಸಾಧನೆ ಅದು, ನಾಲ್ಕು ವರ್ಷ ಹಿಂದೆ ಹಾಕಿಸಿದ್ದು.

"ಕಲ್ಲು ಹಾಸಿದ ಕಾಂಟ್ರಾಕ್ಟರು ತೆಗೆದಿರಬೇಕು. ಈ ಜನರಿಗೆ ಜವಾಬ್ದಾರಿ ಇಲ್ಲ," ಎಂದೆ.

"ಆಗಿನ ಸಭೆಯ ಪುಸ್ತಕದಲ್ಲಿ ಇರಬಹುದು. ಒಮ್ಮೆ ಕೊಡಿ ಸಾರ್," ಎಂದರು ಟೀಚರು.

ಪುಸ್ತಕ ತಂದುಕೊಟ್ಟೆ. ಮೆಟ್ಟಿಲಿಳಿಯುವಾಗಲೇ ನನಗೆ ನೆನಪಾಗಿತ್ತು, ಆದರೂ ತಂದುಕೊಟ್ಟೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ನನ್ನದೇ ದುಂಡು ಅಕ್ಷರದಲ್ಲಿ ಹೀಗಿತ್ತು: ಅಂಗಳದ ಮಟ್ಟಕ್ಕೆ ಅಡ್ಡಿಯಾಗುವ, ನೋಟಕ್ಕೆ ಅಸಹ್ಯವಾದ, ಪೂರ್ವದ ಗೋಡೆಯ ಬುಡದ ಸಿಮೆಂಟ್ ಮುಚ್ಚಳ ಮತ್ತು ಕಬ್ಬಿಣದ ಪಟ್ಟಿಯನ್ನು ತೆಗೆಸುವುದು. ಕೆಳಗೆ ನನ್ನ ಸಹಿ, ಸಹಿಯ ಕೆಳಗೆ ಮೊಹರು.

ಟೀಚರು ಓದಿದರು. ಅಧ್ಯಕ್ಷರು ಅವರ ಪಕ್ಕದಲ್ಲೇ ಕುತ್ತಿಗೆ ನೀಡಿಕೊಂಡು ನಿಂತಿದ್ದರು. ಟೀಚರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಪೂರ್ವದ ಗೋಡೆಯ ಬುಡದಲ್ಲಿ ಉಂಟಂತೆ. ಅಗೆಸುವ," ಎಂದರು. ಅಷ್ಟೇ. ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಷ್ಟು ದಿನಗಳಲ್ಲಿ ಒಂದೊಂದು ದಿನಕ್ಕೆ ಒಂದೊಂದು ಮಾತಿನಂತೆ ಅವರು ಬಯ್ಯಬಹುದಿತ್ತು. ಬಯ್ದಿದ್ದರೆ ನನಗೂ ತಿರುಗಿ ಹೇಳಲು ಏನಾದರೂ ಸಿಗುತ್ತಿತ್ತು.

ಸೋಮವಾರ ಹದಿನೆಂಟು ಇಂಟರ್‌ಲಾಕ್ ಕಲ್ಲು ಎಬ್ಬಿಸಿದರು. ತುಂಡಾದ ಪಟ್ಟಿ ಮಣ್ಣಿನೊಳಗೆ ಸಿಕ್ಕಿತು. ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಪಟ್ಟಿ ಎಳೆದು, ನೀರು ಹೊಯ್ದರು. ನಾನು ಕುರ್ಚಿ ಹಾಕಿ ಕೂತು ಕೊನೆಯವರೆಗೂ ನೋಡಿದೆ. ಸಂಜೆ ಟೀಚರು ಶಾಲೆಯಿಂದ ಬಂದು ಪ್ಲಗ್ಗು ಹಾಕಿದಾಗ ಹಸಿರು ದೀಪ ಬಂತು. ಅವರು ಕಾರಿನ ಬಾಗಿಲು ತೆರೆದು ಒಳಗೆ ಸ್ವಲ್ಪ ಹೊತ್ತು ಕೂತರು. ವರದಿ ಹೋಯಿತು, ಕಂಪನಿಯ ಒಪ್ಪಿಗೆ ಬಂತು. ಡೀಸೆಲ್ ಕ್ಯಾನನ್ನು ಮೆಟ್ಟಿಲಿನ ಅಡಿಯಿಂದ ಹೊರಗಿನ ಶೆಡ್ಡಿಗೆ ಸಾಗಿಸಿದ್ದೂ ಆ ವಾರವೇ, ಸಭೆ ಕರೆಯದೆ.

ಹಸಿರು ದೀಪ ಬಂದ ಮರುದಿನ ಬೆಳಗ್ಗೆ ಹೆಂಡತಿ ವಾಷಿಂಗ್ ಮೆಷಿನಿನಿಂದ ಬಟ್ಟೆ ತೆಗೆಯುತ್ತ ಒಳಗಿನಿಂದಲೇ ಹೇಳಿದಳು, "ಈಗ ಇದು ಕಚ್ಚುವುದಿಲ್ಲ."

"ಎಂತ ಕಚ್ಚುವುದು?"

"ಮೆಷಿನ್. ಮುಟ್ಟಿದರೆ ಜುಂ ಅನ್ನುತ್ತಿತ್ತು. ಅಂಗಳಕ್ಕೆ ಕಲ್ಲು ಹಾಕಿಸಿದಿರಲ್ಲ, ಆ ವರ್ಷದಿಂದ."

"ನನಗೆ ಹೇಳಬೇಡವಾ?"

"ಹೇಳಿದ್ದೆ. ಎರಡು ಸಲ. ಚಪ್ಪಲಿ ಹಾಕಿಕೊಂಡು ಮುಟ್ಟು ಅಂದಿರಿ."

ನನಗೆ ಅದು ನೆನಪೇ ಇರಲಿಲ್ಲ. ನಾಚಿಕೆಗಿಂತ ಮೊದಲು ಹೆದರಿಕೆಯಾಯಿತು, ನಾಲ್ಕು ವರ್ಷ ತಡವಾಗಿ. ಎದ್ದು ಹೋಗಿ ನೋಡಿದೆ. ಅವಳು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಒಂದು ಕೈಯನ್ನು ಮೆಷಿನಿನ ಮೇಲೆ ಊರಿ, ಇನ್ನೊಂದರಿಂದ ನನ್ನ ಅಂಗಿ ಹಿಂಡುತ್ತಿದ್ದಳು.